ಹಾಲೂ ಪ್ರಾಯವೂ

ಕನ್ನಡನಾಡಿನ ಗೃಹಸ್ಥರ ಮನೆಗಳಲ್ಲಿ ಹಾಲಿಗಿರುವಷ್ಟು ಗೌರವವು ಮತ್ತಾವ ಆಹಾರವಸ್ತುವಿಗೂ ಇಲ್ಲವೆಂದರೆ ಅತಿಶಯೋಕ್ತಿಯಾಗಲಾರದು. ಹೊಸ ಮನೆಯನ್ನು ಹೊಗುವಾಗ ಒಲೆಯ ಮೇಲೆ ಮೊದಲು ಉಕ್ಕುವುದು ಹಾಲು; ದೇವರ ಅಭಿಷೇಕಕ್ಕೆ ಬೇಕಾದುದು ಹಾಲು; ಎಳೆಯ ಮಗುವಿಗೂ, ಮುಪ್ಪಿನವರಿಗೂ, ಕಾಯಿಲೆಯಿಂದ ಎದ್ದವರಿಗೂ ಹಿರಿಯರು ಮೊದಲು ಸೂಚಿಸುವ ಪಥ್ಯವೂ ಹಾಲೇ. ಆದರೆ ಇಂತಹ ಮನೆಗಳಲ್ಲಿಯೇ, ಬಾಲ್ಯದಲ್ಲಿ ಲೋಟದ ತುಂಬ ಹಾಲು ಕುಡಿದು ಬೆಳೆದು, ಇಪ್ಪತ್ತು ಮೂವತ್ತು ವರ್ಷಗಳನ್ನು ದಾಟಿದ ಮೇಲೆ ಅದೇ ಹಾಲಿನಿಂದ ಹೊಟ್ಟೆಯುಬ್ಬರ, ಗುಡುಗುಡು ಶಬ್ದ, ನುಲಿತ, ಭೇದಿ ಇವುಗಳಿಗೆ ತುತ್ತಾಗುವವರು ಒಬ್ಬಿಬ್ಬರಾದರೂ ಇರುವುದುಂಟು. ಇದನ್ನು ಕಂಡು ಮನೆಯವರಲ್ಲಿ ಒಬ್ಬರು ಅಗ್ನಿಮಾಂದ್ಯವೆನ್ನುವರು. ಇನ್ನೊಬ್ಬರು ಹಾಲೇ ಕೆಟ್ಟಿರಬೇಕೆನ್ನುವರು. ಮತ್ತೊಬ್ಬರು ಎಲ್ಲವೂ ಮನಸ್ಸಿನ ಭ್ರಮೆಯೆಂದು ನಕ್ಕುಬಿಡುವರು. ಬಾಧೆಪಡುವವನಾದರೋ ತನ್ನ ಶರೀರದಲ್ಲಿ ಏನೋ ಒಂದು ನ್ಯೂನತೆಯುಂಟೆಂದು ಒಳಗೊಳಗೆ ಕುಗ್ಗುವನು. ಇದು ನಿಜವಾಗಿಯೂ ಒಂದು ರೋಗವೆ? ೧೯೬೩ರಲ್ಲಿ ವೈದ್ಯಪಂಡಿತರು ಈ ಪ್ರಶ್ನೆಗೆ ಅಹುದೆಂದೇ ಉತ್ತರ ಕೊಟ್ಟಿದ್ದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಆ ಉತ್ತರವು ತಲೆಕೆಳಗಾಯಿತು. ಅದು ಹೇಗೆ ತಲೆಕೆಳಗಾಯಿತೆಂಬುದು ವೈದ್ಯಶಾಸ್ತ್ರದ ಚರಿತ್ರೆಯಲ್ಲಿ ಮನನಮಾಡತಕ್ಕ ಒಂದು ಅಧ್ಯಾಯವಾಗಿದೆ.

ಈ ಚರಿತ್ರೆಯನ್ನು ತಿಳಿಯುವ ಮೊದಲು ಹಾಲಿನಲ್ಲಿ ಅಡಗಿರುವ ಸಕ್ಕರೆಯ ಪರಿಚಯವನ್ನು ಮಾಡಿಕೊಳ್ಳುವುದು ಅವಶ್ಯಕ. ಹಾಲಿನ ನಸುಸಿಹಿಗೆ ಕಾರಣವಾದ ಈ ವಸ್ತುವಿಗೆ ಪಾಶ್ಚಾತ್ಯರು ಲ್ಯಾಕ್ಟೋಸ್ ಎಂದು ಹೆಸರಿಟ್ಟಿದ್ದಾರೆ, ಕನ್ನಡದಲ್ಲಿ ಕ್ಷೀರಶರ್ಕರೆಯೆನ್ನಬಹುದು. ಹದಿನೇಳನೆಯ ಶತಮಾನದಲ್ಲಿ ಇಟಲಿಯ ಬೊಲೋನ್ಯಾ ನಗರದ ವೈದ್ಯನಾದ ಬಾರ್ತೊಲೆತ್ತಿಯು, ಒಡೆದ ಹಾಲಿನ ತಿಳಿನೀರನ್ನು ಬತ್ತಿಸಿದರೆ ತಳದಲ್ಲಿ ಒಂದು ಬಗೆಯ ಬಿಳಿಯ ಪದಾರ್ಥವು ಉಳಿಯುವುದೆಂದು ಬರೆದನು. ಅದು ಸಕ್ಕರೆಯ ಜಾತಿಗೆ ಸೇರಿದುದೆಂದು ನಿರ್ಧರಿಸಿದವನು ಸ್ವೀಡನ್ ದೇಶದ ರಸಾಯನಪಂಡಿತನಾದ ಷೀಲೆ, ಕಾಲ ೧೭೮೦. ಹುಳಿತ ಹಾಲಿನಲ್ಲಿರುವ ಆಮ್ಲವನ್ನು ಬೇರ್ಪಡಿಸಿ ತೋರಿಸಿದವನೂ ಇವನೇ, ಅದೂ ಅದೇ ವರ್ಷದಲ್ಲಿಯೇ. ಹಾಲಿನ ಸಿಹಿಯೂ ಮೊಸರಿನ ಹುಳಿಯೂ ಹೀಗೆ ಒಬ್ಬನ ಕೈಯಿಂದಲೇ ಬೆಳಕಿಗೆ ಬಂದುವು. ಇವೆರಡಕ್ಕೂ ಇರುವ ಸಂಬಂಧವು ಮುಂದೆ ಈ ಕಥೆಯಲ್ಲಿ ಮುಖ್ಯವಾದೊಂದು ಸ್ಥಾನವನ್ನು ಪಡೆಯುವುದು.

ನೂರು ಮಿಲಿಲೀಟರು ಹಸುವಿನ ಹಾಲಿನಲ್ಲಿ ಸುಮಾರು ೫ ಗ್ರಾಂ ಕ್ಷೀರಶರ್ಕರೆಯಿರುವುದು. ತಾಯಿಯ ಹಾಲಿನಲ್ಲಿ ಅದು ಸುಮಾರು ೭ ಗ್ರಾಂ. ಈ ಸಕ್ಕರೆಯು ಇದ್ದ ರೂಪದಲ್ಲಿಯೇ ರಕ್ತಕ್ಕೆ ಸೇರಲಾರದು. ಗ್ಲೂಕೋಸ್, ಗ್ಯಾಲಕ್ಟೋಸ್ ಎಂಬ ಎರಡು ಚಿಕ್ಕ ಸಕ್ಕರೆಗಳು ಒಂದಕ್ಕೊಂದು ಹೆಣೆದುಕೊಂಡು ಆದ ಪದಾರ್ಥವಿದು. ಆ ಹೆಣಿಗೆಯನ್ನು ಬಿಡಿಸಿದಲ್ಲದೆ ಜೀರ್ಣವಾಗುವಂತಿಲ್ಲ. ಬಿಡಿಸುವ ಕೆಲಸವು ಸಣ್ಣ ಕರುಳಿನ ಒಳಪೊರೆಯಲ್ಲಿರುವ ಲ್ಯಾಕ್ಟೇಸ್ ಎಂಬ ಕಿಣ್ವದ್ದು. ಈ ಕಿಣ್ವವು ಸಾಕಷ್ಟಿಲ್ಲದಿದ್ದರೆ ಸಕ್ಕರೆಯು ಒಡೆಯದೆಯೇ ದೊಡ್ಡ ಕರುಳಿಗೆ ಇಳಿಯುತ್ತದೆ. ಹೋಗುವಾಗ ತನ್ನೊಂದಿಗೆ ನೀರನ್ನು ಸೆಳೆದುಕೊಂಡು ಹೋಗುತ್ತದೆ. ಅಲ್ಲಿ ವಾಸಿಸುವ ಅಸಂಖ್ಯಾತ ಸೂಕ್ಷ್ಮಜೀವಿಗಳು ಅದನ್ನು ಹುದುಗಿಸಿ ಜಲಜನಕವೇ ಮೊದಲಾದ ವಾಯುಗಳನ್ನು ಹುಟ್ಟಿಸುತ್ತವೆ. ಉಬ್ಬರ, ಶಬ್ದ, ನುಲಿತ, ಭೇದಿಗಳ ಗುಟ್ಟು ಇಷ್ಟೇ. ಹಾಲಿನ ಸಸಾರಜನಕಾಂಶವನ್ನು ದೇಹವು ಶತ್ರುವೆಂದು ಭಾವಿಸಿ ದದ್ದು, ಉಬ್ಬಸ ಮುಂತಾದುವನ್ನು ಉಂಟುಮಾಡುವ ಅಲರ್ಜಿಯೆಂಬ ವ್ಯಾಧಿಯು ಬೇರೆ. ಅದನ್ನು ಇದರೊಂದಿಗೆ ಬೆರೆಸಲಾಗದು.

ಹುಟ್ಟಿದ ಕೂಸಿಗೆ ಲ್ಯಾಕ್ಟೇಸಿನ ಸಮೃದ್ಧಿಯಿರುತ್ತದೆ; ಇಲ್ಲದಿದ್ದರೆ ತಾಯಿಯ ಹಾಲಿನಿಂದ ಅದು ಬದುಕುವುದೆಂತು? ಮೊಲೆ ಬಿಟ್ಟ ಮೇಲೆ ಈ ಕಿಣ್ವವು ಕ್ರಮಕ್ರಮವಾಗಿ ಇಳಿದುಹೋಗುವುದು ಸಸ್ತನಿಗಳಲ್ಲಿ ಪ್ರಕೃತಿಯ ಸಾಮಾನ್ಯ ನಿಯಮವಾಗಿದೆ. ಹಾಲಿನ ಕಳ್ಳನೆಂದು ಹೆಸರುವಾಸಿಯಾದ ಬೆಕ್ಕಿಗೂ ಬೆಳೆದ ಮೇಲೆ ಹೆಚ್ಚು ಹಾಲು ಒಗ್ಗುವುದಿಲ್ಲ. ಮನುಷ್ಯರಲ್ಲಿಯೂ ಬಹುಮಂದಿಗೆ ಎರಡು ಮೂರು ವರ್ಷದ ಪ್ರಾಯದಿಂದಲೇ ಈ ಇಳಿತವು ಮೊದಲಾಗುತ್ತದೆ. ಕೆಲವು ಜನಾಂಗಗಳಲ್ಲಿ ಅದು ಹದಿಹರೆಯ ಕಳೆಯುವ ತನಕ ನಿಧಾನವಾಗಿ ನಡೆಯುವುದುಂಟು. ಇಳಿತವು ಮೆಲ್ಲನೆಯದಾದುದರಿಂದ ಯಾರಿಗೂ ಅದು ನಡೆದ ದಿನವು ತಿಳಿಯುವುದಿಲ್ಲ. ಉದ್ಯೋಗಕ್ಕಾಗಿ ಊರು ಬಿಟ್ಟಾಗಲೋ, ಮೊಸರಿನ ಬದಲು ಹಾಲಿನ ಅಭ್ಯಾಸವು ಹೆಚ್ಚಿದಾಗಲೋ, ಆಮಶಂಕೆಯಿಂದ ಕರುಳು ದಣಿದಾಗಲೋ ಒಂದು ದಿನ ಬಾಧೆಯು ತಲೆದೋರುವುದು. ಆಗ ‘ಇದ್ದಕ್ಕಿದ್ದಂತೆ ಹಾಲು ಒಗ್ಗದಾಯಿತು’ ಎನ್ನುವರು. ಇದ್ದಕ್ಕಿದ್ದಂತೆ ಆದುದು ಅರಿವು ಮಾತ್ರ. ಕಾರಣವು ಎಷ್ಟೋ ವರ್ಷಗಳ ಹಿಂದಿನದು.

ಹಾಲಿನ ಪದಾರ್ಥಗಳು ಎಲ್ಲರಿಗೂ ಸಮನಾಗಿ ಹಿಡಿಯುವುದಿಲ್ಲವೆಂಬುದನ್ನು ಪ್ರಾಚೀನರು ಬಲ್ಲವರಾಗಿದ್ದರು. ಗ್ರೀಸಿನ ಹಿಪ್ಪಾಕ್ರಟೀಸನ ಹೆಸರಿನಲ್ಲಿ ಬಂದಿರುವ ಗ್ರಂಥಗಳ ಪೈಕಿ ಪ್ರಾಚೀನ ವೈದ್ಯವನ್ನು ಕುರಿತ ಒಂದರಲ್ಲಿ ಗಿಣ್ಣಿನ ಅಥವಾ ಚೀಸಿನ ನಿದರ್ಶನವಿದೆ. ಕೆಲವರು ಅದನ್ನು ಹೊಟ್ಟೆ ತುಂಬ ತಿಂದು ಪುಷ್ಟರಾಗುವರು, ಕೆಲವರು ಅದರಿಂದ ಕಷ್ಟಪಡುವರು. ಆದುದರಿಂದ ಚೀಸು ಕೆಟ್ಟುದೆಂದಷ್ಟೇ ಹೇಳಿದರೆ ಸಾಲದು, ಯಾರ ದೇಹಕ್ಕೆ ಯಾವ ಕಾರಣದಿಂದ ಕೆಟ್ಟುದೆಂಬುದನ್ನು ವೈದ್ಯನು ವಿಚಾರಿಸಬೇಕು ಎಂಬುದು ಆ ಗ್ರಂಥದ ಅಭಿಪ್ರಾಯ. ಭಾರತದ ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಶ್ರೇಷ್ಠವಸ್ತುಗಳ ಒಂದು ಪಟ್ಟಿಯಿದೆ. ಜೀವನೀಯ ವಸ್ತುಗಳಲ್ಲಿ ಹಾಲು ಶ್ರೇಷ್ಠವೆಂದು ಹೇಳುವ ಆ ಪಟ್ಟಿಯೇ ಗ್ರಹಣೀದೋಷ, ಬಾವು, ಮೂಲವ್ಯಾಧಿ ಮುಂತಾದುವನ್ನು ಶಮನಗೊಳಿಸುವುದರಲ್ಲಿ ಮಜ್ಜಿಗೆಯ ಅಭ್ಯಾಸವು ಶ್ರೇಷ್ಠವೆಂದೂ ಹೇಳುತ್ತದೆ. ಹಾಲನ್ನು ಹೊಗಳಿದವರೇ ಕರುಳು ಕೆಟ್ಟವನಿಗೆ ಹಾಲನ್ನು ಬಿಟ್ಟು ಮಜ್ಜಿಗೆಯನ್ನು ಹೇಳಿದರೆಂಬುದು ಗಮನಾರ್ಹ. ಕಿಣ್ವದ ಹೆಸರು ಅವರಿಗೆ ತಿಳಿದಿರಲಿಲ್ಲ. ಆದರೆ ಒಬ್ಬೊಬ್ಬನ ದೇಹಕ್ಕೆ ಒಗ್ಗಿದುದನ್ನು ‘ಸಾತ್ಮ್ಯ’ವೆಂದು ಕರೆದು, ಆಹಾರವನ್ನು ದೇಹದೊಂದಿಗೆ ಸೇರಿಸಿ ತೂಗುವ ಪದ್ಧತಿಯು ಅವರಲ್ಲಿತ್ತು.

ಆಧುನಿಕ ವೈದ್ಯವು ಈ ವಿಷಯಕ್ಕೆ ಬಂದುದು ಬಹಳ ತಡವಾಗಿ. ಕರುಳಿನ ಒಳಪೊರೆಯಲ್ಲಿ ಯಾವ ಕಿಣ್ವವು ಎಷ್ಟಿದೆಯೆಂದು ಅಳೆಯಬೇಕಾದರೆ ಜೀವಂತ ಮನುಷ್ಯನ ಕರುಳಿನಿಂದ ಒಂದು ಚೂರನ್ನು ತೆಗೆಯಬೇಕು. ಶಸ್ತ್ರಚಿಕಿತ್ಸೆಯಿಲ್ಲದೆ ಅದು ಅಸಾಧ್ಯವಾಗಿತ್ತು. ೧೯೫೭ರಲ್ಲಿ ಅಮೆರಿಕದ ಕ್ರಾಸ್ಬಿ ಮತ್ತು ಕುಗ್ಲರ್ ಎಂಬವರು ಒಂದು ಸಣ್ಣ ಗುಳಿಗೆಯಂತಹ ಸಾಧನವನ್ನು ಕಲ್ಪಿಸಿದರು. ತೆಳ್ಳನೆಯ ಕೊಳವೆಯ ತುದಿಗೆ ಕಟ್ಟಿದ ಈ ಗುಳಿಗೆಯನ್ನು ನುಂಗಿಸಿ, ಅದು ಸಣ್ಣ ಕರುಳನ್ನು ಮುಟ್ಟಿದ ಮೇಲೆ ಹೊರಗಿನಿಂದ ಗಾಳಿಯನ್ನು ಎಳೆದರೆ, ಒಳಗಿನ ಕತ್ತಿಯು ಪೊರೆಯ ಒಂದು ಕಣವನ್ನು ಕತ್ತರಿಸಿ ಹಿಡಿದಿಡುತ್ತಿತ್ತು. ಈ ಚಿಕ್ಕ ಸಾಧನವೊಂದು ದೊಡ್ಡ ಬಾಗಿಲನ್ನೇ ತೆರೆಯಿತು.

ಮೊದಲು ಕಣ್ಣಿಗೆ ಬಿದ್ದವರು ಕೂಸುಗಳು. ೧೯೫೯ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಹೋಲ್ಜೆಲ್ ಮತ್ತು ಅವರ ಸಂಗಡಿಗರು, ಹುಟ್ಟಿದಂದಿನಿಂದ ಹಾಲು ದಕ್ಕದೆ ಸೊರಗುತ್ತಿದ್ದ ಕೂಸುಗಳಿಗೆ ಕ್ಷೀರಶರ್ಕರೆಯಿಲ್ಲದ ಆಹಾರವನ್ನು ಕೊಟ್ಟು ಗುಣಪಡಿಸಿದ ವೃತ್ತಾಂತವನ್ನು ಪ್ರಕಟಿಸಿದರು. ಅದು ಬಹಳ ಅಪರೂಪದ, ನಿಜವಾದ ಜನ್ಮರೋಗ. ೧೯೬೩ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಕ್ಕಿನಲ್ಲಿ ಔರಿಕ್ಕಿಯೋ, ಸೆಮೆಂಜಾ, ಪ್ರಾಡರ್ ಮೊದಲಾದವರೂ, ಸ್ವೀಡನ್ನಿನ ಡಾಲ್‌ಕ್ವಿಸ್ಟರು ಅಮೆರಿಕದ ಸಹಕಾರಿಗಳೊಡನೆಯೂ, ಬೆಳೆದ ಮನುಷ್ಯರಲ್ಲಿ ಕರುಳಿನ ಮಿಕ್ಕೆಲ್ಲ ಕಿಣ್ವಗಳು ಸರಿಯಾಗಿದ್ದು ಲ್ಯಾಕ್ಟೇಸ್ ಒಂದು ಮಾತ್ರ ಕ್ಷೀಣವಾಗಿರುವುದನ್ನು ಕಂಡರು. ಕೂಸಿನ ರೋಗದ ಹಿಂದೆಯೇ ಈ ಸಂಗತಿಯೂ ಬಂದುದರಿಂದ ಇದನ್ನೂ ಅದೇ ಪಂಕ್ತಿಯಲ್ಲಿ ಕುಳ್ಳಿರಿಸಿ ‘ಲ್ಯಾಕ್ಟೇಸ್ ಕೊರತೆ’ ಎಂದು ನಾಮಕರಣಮಾಡಿದರು. ಕೊರತೆಯೆಂದ ಮೇಲೆ ಅದಿರುವವನು ರೋಗಿಯಲ್ಲದೆ ಮತ್ತೇನು? ಅವರ ಸುತ್ತಲಿನ ಜನರೋ ಹೆಚ್ಚಾಗಿ ಉತ್ತರ ಯೂರೋಪಿನ ಮೂಲದವರು. ಪ್ರಾಯದಲ್ಲಿಯೂ ಹಾಲು ಕುಡಿದು ಸುಖವಾಗಿರುವವರು. ಅಂತಹವರ ಮಧ್ಯದಲ್ಲಿ ಹಾಲು ಒಗ್ಗದವನು ವಿಲಕ್ಷಣನಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ.

ಆದರೆ ಈ ನಾಮಕರಣದ ಮಸಿ ಒಣಗುವ ಮೊದಲೇ ಅದರ ಬುಡವು ಅಲುಗಾಡಿತು. ಅಮೆರಿಕದ ಬಾಲ್ಟಿಮೋರ್ ನಗರದಲ್ಲಿ ಬಿಳಿಯರೂ ಕರಿಯರೂ ಒಂದೇ ಆಸ್ಪತ್ರೆಗಳಿಗೆ ಬರುತ್ತಿದ್ದುದರಿಂದ ಎರಡು ಜನಾಂಗಗಳನ್ನು ಹೋಲಿಸಿ ನೋಡುವ ಅನುಕೂಲವು ಅಲ್ಲಿನ ವೈದ್ಯರಿಗೆ ದೊರೆಯಿತು. ೧೯೬೫ರಲ್ಲಿ ಕ್ವಾತ್ರೆಕಾಸಾಸ್ ಮತ್ತು ಸಂಗಡಿಗರು ಪ್ರಾಯಸ್ಥರಲ್ಲಿ ಈ ‘ಕೊರತೆ’ಯು ಅಪರೂಪವಲ್ಲ, ಸರ್ವಸಾಧಾರಣವೆಂದು ಬರೆದರು. ೧೯೬೬ರಲ್ಲಿ ಬೇಲೆಸ್ ಮತ್ತು ರೋಸೆನ್ಸ್ವೀಗ್ ಎಂಬವರು, ಆರೋಗ್ಯವಂತರಾದ ಕರಿಯರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮಂದಿಗೆ ಇದುಂಟೆಂದೂ ಬಿಳಿಯರಲ್ಲಿ ಕೆಲವರಿಗೆ ಮಾತ್ರವೆಂದೂ ತೋರಿಸಿದರು. ಅದೇ ವರ್ಷ ಆಫ್ರಿಕದ ಉಗಾಂಡದಲ್ಲಿ ಕುಕ್ ಮತ್ತು ಕಜುಬಿಯವರು ಅಲ್ಲಿನ ಬೇರೆ ಬೇರೆ ಕುಲಗಳನ್ನು ಪರೀಕ್ಷಿಸಿದರು. ಬಾಳೆಯನ್ನು ಮುಖ್ಯಾಹಾರವಾಗುಳ್ಳ ಬಗಾಂಡ ಜನರಲ್ಲಿ ಬಹುಮಂದಿಗೆ ಲ್ಯಾಕ್ಟೇಸ್ ಕಡಿಮೆ. ತಲೆತಲಾಂತರದಿಂದ ದನಗಾಹಿಗಳಾಗಿ ಹಾಲನ್ನೇ ನೆಚ್ಚಿದ ಕುಲಗಳಲ್ಲಿ ಅದು ಹೇರಳ. ಭೇದವಿದ್ದುದು ಚರ್ಮದ ಬಣ್ಣದಲ್ಲಲ್ಲ, ಪೂರ್ವಿಕರ ವೃತ್ತಿಯಲ್ಲಿ ಎಂಬುದು ಇದರಿಂದ ಸೂಚಿತವಾಯಿತು.

ಮುಂದಿನ ಕೆಲವು ವರ್ಷಗಳಲ್ಲಿ ಏಷ್ಯ, ದಕ್ಷಿಣ ಅಮೆರಿಕ, ಮೆಡಿಟರೇನಿಯನ್ ತೀರ ಎಲ್ಲ ಕಡೆಗಳಿಂದಲೂ ವರದಿಗಳು ಬಂದುವು. ಎಲ್ಲವನ್ನೂ ಕೂಡಿಸಿ ನೋಡಿದಾಗ, ಪ್ರಪಂಚದ ಪ್ರಾಯಸ್ಥರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ಈ ‘ಕೊರತೆ’ಯುಂಟೆಂದು ತಿಳಿಯಿತು. ಮೂರರಲ್ಲಿ ಎರಡು ಪಾಲು ಮಾನವರು ರೋಗಿಗಳೆಂದು ಯಾವ ವೈದ್ಯನು ಹೇಳಬಲ್ಲನು? ಅಮೆರಿಕದ ಭೂಗೋಳಪಂಡಿತರಾದ ಸೈಮೂನ್ಸ್ ಅವರು ೧೯೬೯–೭೦ರಲ್ಲಿಯೂ, ಮಾನವಶಾಸ್ತ್ರಜ್ಞರಾದ ಮೆಕ್ರಾಕೆನ್ ಅವರು ೧೯೭೧ರಲ್ಲಿಯೂ ಪ್ರಶ್ನೆಯನ್ನೇ ತಿರುಗಿಸಿಟ್ಟರು. ಪ್ರಾಯದಲ್ಲಿ ಲ್ಯಾಕ್ಟೇಸ್ ಕ್ಷೀಣಿಸುವುದೇ ಮನುಷ್ಯನ ಮೂಲಸ್ಥಿತಿ. ಅದು ಉಳಿದುಕೊಂಡಿರುವುದೇ ವಿಶೇಷ. ದನಕರುಗಳನ್ನು ಸಾಕಿ ಹಾಲನ್ನು ಕರೆಯುವ ಅಭ್ಯಾಸವು ಎಲ್ಲಿ ಬಹುಕಾಲದಿಂದ ನೆಲೆಗೊಂಡಿತೋ ಅಲ್ಲಿ ಆ ವಿಶೇಷವುಳ್ಳವರು ಹೆಚ್ಚು ಸಂತಾನವನ್ನು ಪಡೆದು ವೃದ್ಧಿಯಾದರು ಎಂಬುದು ಅವರ ವಾದ. ಅಂದಿನಿಂದ ವಿಚಾರಿಸಬೇಕಾದ ಪ್ರಶ್ನೆಯು ‘ಇವನಿಗೆ ಹಾಲು ಏಕೆ ಒಗ್ಗದು?’ ಎಂಬುದಾಗಿರದೆ ‘ಅವನಿಗೆ ಹಾಲು ಏಕೆ ಒಗ್ಗುತ್ತದೆ?’ ಎಂಬುದಾಯಿತು.

ಈ ತಿರುವಿಗೆ ವ್ಯಾವಹಾರಿಕವಾದ ಮಹತ್ತ್ವವೂ ಇತ್ತು. ಎರಡನೆಯ ಮಹಾಯುದ್ಧವು ಮುಗಿದ ಮೇಲೆ ಶ್ರೀಮಂತ ದೇಶಗಳಿಂದ ಬಡ ದೇಶಗಳ ಮಕ್ಕಳಿಗೆ ಹಾಲಿನ ಪುಡಿಯು ಹಡಗುಗಳಲ್ಲಿ ಹೋಗುತ್ತಿತ್ತು. ಭಾರತದ ಶಾಲೆಗಳಲ್ಲಿಯೂ ಅದನ್ನು ಕದಡಿ ಹಂಚಿದ್ದುಂಟು. ಒಗ್ಗದವರಿಗೆ ಹಾಲನ್ನು ಕೊಡುವುದು ದಾನವೋ ಉಪದ್ರವವೋ ಎಂಬ ವಾಗ್ವಾದವು ಎದ್ದಿತು. ೧೯೭೨ರಲ್ಲಿ ವಿಶ್ವಸಂಸ್ಥೆಗೆ ಸೇರಿದ ಪ್ರೋಟೀನು ಸಲಹಾಮಂಡಲಿಯು ವಿಷಯವನ್ನು ಪರಿಶೀಲಿಸಿ, ಈ ಕಾರಣಕ್ಕಾಗಿ ಮಕ್ಕಳಿಗೆ ಹಾಲು ಕೊಡುವುದನ್ನು ನಿಲ್ಲಿಸಬೇಕಾಗಿಲ್ಲವೆಂದು ಅಭಿಪ್ರಾಯಪಟ್ಟಿತು. ಏಕೆಂದರೆ ಪರೀಕ್ಷೆಗಳಲ್ಲಿ ಸಾಮಾನ್ಯವಾಗಿ ಒಮ್ಮೆಗೇ ೫೦ ಗ್ರಾಂ ಕ್ಷೀರಶರ್ಕರೆಯನ್ನು, ಎಂದರೆ ಒಂದು ಲೀಟರು ಹಾಲಿನಲ್ಲಿರುವಷ್ಟನ್ನು, ಬರಿಹೊಟ್ಟೆಯಲ್ಲಿ ಕುಡಿಸುತ್ತಿದ್ದರು. ಅದನ್ನು ತಾಳಲಾರದವನು ಒಂದು ಬಟ್ಟಲು ಹಾಲನ್ನು ತಾಳಬಲ್ಲನು. ಜೀರ್ಣಿಸಲಾರದಿರುವುದು ಬೇರೆ, ಬಾಧೆಪಡುವುದು ಬೇರೆ ಎಂಬ ಈ ವಿವೇಕವು ಇಂದಿಗೂ ಅಮೂಲ್ಯವಾದುದು.

ಹಾಲು ಒಗ್ಗುವವರಿಗೆ ಏಕೆ ಒಗ್ಗುತ್ತದೆಂಬುದಕ್ಕೆ ಉತ್ತರವು ಫಿನ್ಲೆಂಡಿನಿಂದ ಬಂದಿತು. ಹಾಲನ್ನು ಬಹಳವಾಗಿ ಬಳಸುವ ಆ ದೇಶದಲ್ಲಿಯೂ ಅದು ಒಗ್ಗದ ಕುಟುಂಬಗಳಿದ್ದುವು. ೧೯೭೩ರಲ್ಲಿ ತಿಮೋ ಸಾಹಿ ಮತ್ತು ಸಂಗಡಿಗರು ಆ ಕುಟುಂಬಗಳನ್ನು ಪರೀಕ್ಷಿಸಿ, ಇದು ಆನುವಂಶಿಕವೆಂದು ನಿರ್ಧರಿಸಿದರು. ತಾಯಿತಂದೆಗಳಲ್ಲಿ ಯಾರೊಬ್ಬರಿಂದಲಾದರೂ ಲ್ಯಾಕ್ಟೇಸನ್ನು ಉಳಿಸುವ ಗುಣವು ಬಂದರೆ ಸಾಕು, ಹಾಲು ಒಗ್ಗುವುದು; ಇಬ್ಬರಿಂದಲೂ ಬಾರದಿದ್ದರೆ ಒಗ್ಗದು. ೨೦೦೨ರಲ್ಲಿ ಅದೇ ದೇಶದ ಎನ್ನಾತ್ತಾ, ಪೆಲ್ಟೊನೆನ್, ಯಾರ್ವೆಲಾ ಮೊದಲಾದವರು, ಸಾಹಿಯವರೂ ಜೊತೆಗೂಡಿ, ಆ ಗುಣದ ಸ್ಥಾನವನ್ನೇ ಗುರುತಿಸಿದರು. ಎರಡನೆಯ ವರ್ಣತಂತುವಿನಲ್ಲಿ, ಲ್ಯಾಕ್ಟೇಸಿನ ವಂಶವಾಹಿಗಿಂತ ೧೩,೯೧೦ ಅಕ್ಷರಗಳಷ್ಟು ಹಿಂದೆ, ‘ಸಿ’ ಎಂಬ ಒಂದು ರಾಸಾಯನಿಕ ಅಕ್ಷರದ ಜಾಗದಲ್ಲಿ ‘ಟಿ’ ಎಂಬುದಿದ್ದರೆ ಕಿಣ್ವವು ಜೀವಮಾನವಿಡೀ ಉಳಿಯುವುದು. ಒಂದು ಅಕ್ಷರದ ವ್ಯತ್ಯಾಸದಿಂದ ಆಗುವ ಫಲವಿದು! ೨೦೦೭ರಲ್ಲಿ ಟಿಷ್ಕಾಫ್ ಮತ್ತು ಸಂಗಡಿಗರು ಪೂರ್ವ ಆಫ್ರಿಕದ ದನಗಾಹಿಗಳಲ್ಲಿ ಹತ್ತಿರದ ಬೇರೆ ಅಕ್ಷರಗಳು ಬದಲಾಗಿರುವುದನ್ನು ಕಂಡುಹಿಡಿದರು. ಹಾಲು ಕರೆಯುವ ಅಭ್ಯಾಸವು ಬೇರೆ ಬೇರೆ ಖಂಡಗಳಲ್ಲಿ ಬೇರೆ ಬೇರೆಯಾಗಿ ಒಂದೇ ಫಲವನ್ನು ಕೊಟ್ಟಿತ್ತು.

ಅದೇ ವರ್ಷ ಬರ್ಗರ್ ಮತ್ತು ಸಂಗಡಿಗರು ಯೂರೋಪಿನಲ್ಲಿ ಏಳು ಸಾವಿರ ವರ್ಷಗಳಷ್ಟು ಹಿಂದೆ ಬದುಕಿದ್ದ ಮೊದಲ ಕೃಷಿಕರ ಎಲುಬುಗಳನ್ನು ಪರೀಕ್ಷಿಸಿದರು. ಆ ಅಕ್ಷರವು ಒಂದರಲ್ಲಿಯೂ ಇರಲಿಲ್ಲ. ಇಂದು ಹಾಲು ಕುಡಿಯುವುದರಲ್ಲಿ ಅಗ್ರಗಣ್ಯರಾದವರ ನಾಡಿನಲ್ಲಿ ವಾಸಿಸಿದ ಆದಿಕೃಷಿಕರಿಗೂ ಪ್ರಾಯದಲ್ಲಿ ಹಾಲು ಜೀರ್ಣವಾಗುತ್ತಿರಲಿಲ್ಲವೆಂದಾಯಿತು. ಹಾಗಾದರೆ ಅವರು ಹಾಲನ್ನು ಬಿಟ್ಟಿದ್ದರೆ? ಇಲ್ಲ. ಪೋಲೆಂಡಿನ ಕುಯಾವಿಯ ಪ್ರಾಂತದಲ್ಲಿ ದೊರೆತ, ಏಳು ಸಾವಿರ ವರ್ಷ ಹಳೆಯದಾದ, ತೂತುಗಳುಳ್ಳ ಮಡಕೆಯ ಚೂರುಗಳಲ್ಲಿ ಹಾಲಿನ ಜಿಡ್ಡು ಉಳಿದಿರುವುದನ್ನು ೨೦೧೩ರಲ್ಲಿ ಪ್ರಕಟಿಸಿದರು. ಆ ಮಡಕೆಗಳು ಹಾಲೊಡೆದ ಗಟ್ಟಿಯನ್ನು ಸೋಸುವ ಜರಡಿಗಳು. ಸಕ್ಕರೆಯು ತಿಳಿನೀರಿನೊಡನೆ ಹರಿದುಹೋಗಿ ಗಟ್ಟಿ ಮಾತ್ರ ಉಳಿಯುತ್ತಿತ್ತು. ದೇಹವು ಹಾಲಿಗೆ ಒಗ್ಗುವ ಮೊದಲೇ ಮನುಷ್ಯನು ಹಾಲನ್ನು ದೇಹಕ್ಕೆ ಒಗ್ಗಿಸಿಕೊಂಡಿದ್ದನು. ೨೦೨೨ರಲ್ಲಿ ಬ್ರಿಸ್ಟಲ್ಲಿನ ಎವರ್ಷೆಡ್ ಮತ್ತು ಸಂಗಡಿಗರು ಯೂರೋಪಿನ ೫೫೦ಕ್ಕೂ ಹೆಚ್ಚು ಪುರಾತನ ನೆಲೆಗಳ ಮಡಕೆಗಳಲ್ಲಿ ದೊರೆತ ಸುಮಾರು ೭,೦೦೦ ಜಿಡ್ಡಿನ ಕುರುಹುಗಳನ್ನು ಪರಿಶೋಧಿಸಿದರು. ಆ ಅಕ್ಷರವು ಹಬ್ಬುವುದಕ್ಕಿಂತ ಸಾವಿರಾರು ವರ್ಷ ಮೊದಲೇ ಹಾಲಿನ ಬಳಕೆಯು ವ್ಯಾಪಕವಾಗಿತ್ತೆಂದು ಕಂಡುಬಂತು. ಸಾಮಾನ್ಯ ಕಾಲದಲ್ಲಿ ಹಾಲು ಒಗ್ಗದವನಿಗೆ ಬರುವುದು ಹೊಟ್ಟೆಯ ಅಸೌಖ್ಯ ಮಾತ್ರ. ಕ್ಷಾಮ ಬಂದು ಬೇರೆ ಆಹಾರವಿಲ್ಲದಾಗ, ಸೋಂಕುರೋಗಗಳಿಂದ ದೇಹವು ಸೊರಗಿದಾಗ, ಅದೇ ಭೇದಿಯು ಪ್ರಾಣವನ್ನು ತೆಗೆಯಬಹುದು. ಅಂತಹ ದುಷ್ಕಾಲಗಳೇ ಆ ಅಕ್ಷರವುಳ್ಳವರನ್ನು ಆರಿಸಿ ಉಳಿಸಿರಬೇಕೆಂದು ಈ ಪಂಡಿತರ ಮತ. ಒಬ್ಬನು ಲೋಟದ ತುಂಬ ಹಾಲನ್ನು ಸುಖವಾಗಿ ಕುಡಿಯುವುದರ ಹಿಂದೆ ಎಷ್ಟು ಕ್ಷಾಮಗಳ ನೆನಪಿದೆಯೋ!

ಇನ್ನು ಭಾರತದ ವಿಷಯ. ಇಲ್ಲಿ ಗೋಪಾಲನೆಯು ಅತಿ ಪುರಾತನವಾದುದು. ಗುಜರಾತಿನ ಕಚ್ಛದಲ್ಲಿರುವ ಕೋಟಡಾ ಭಾಡ್ಲಿಯೆಂಬ ಹರಪ್ಪ ಕಾಲದ ನೆಲೆಯ ಮಡಕೆಗಳಲ್ಲಿ ಹಾಲಿನ ಜಿಡ್ಡಿದ್ದುದು ೨೦೨೦ರಲ್ಲಿ ಪ್ರಕಟವಾಯಿತು. ಆ ಮಡಕೆಗಳ ಕಾಲ ಕ್ರಿಸ್ತಪೂರ್ವ ಮೂರನೆಯ ಸಹಸ್ರಮಾನ. ಬಳ್ಳಾರಿ, ರಾಯಚೂರು ಸೀಮೆಗಳಲ್ಲಿ ಇಂದಿಗೂ ಕಾಣುವ ಬೂದಿಯ ದಿಬ್ಬಗಳು ನವಶಿಲಾಯುಗದ ಗೋಪಾಲಕರು ದನದ ಸಗಣಿಯನ್ನು ಒಟ್ಟಿ ಸುಟ್ಟ ಕುರುಹುಗಳೆಂದು ಆಲ್ಚಿನ್ ಅವರು ದಕ್ಷಿಣಭಾರತದ ಗೋಪಾಲಕರನ್ನು ಕುರಿತ ತಮ್ಮ ಗ್ರಂಥದಲ್ಲಿ ಪ್ರತಿಪಾದಿಸಿದರು. ಆ ಗ್ರಂಥವು ಹೊರಬಂದುದು ೧೯೬೩ರಲ್ಲಿ, ಪ್ರಾಯಸ್ಥರ ಲ್ಯಾಕ್ಟೇಸ್ ಸಂಗತಿಯು ಬೆಳಕಿಗೆ ಬಂದ ವರ್ಷದಲ್ಲಿಯೇ. ಇಷ್ಟು ಹಳೆಯ ಗೋಸಂಪತ್ತಿರುವ ನಾಡಿನ ಜನರಿಗೆ ಹಾಲು ಸಹಜವಾಗಿ ಒಗ್ಗಬೇಕೆಂದು ಯಾರಾದರೂ ಭಾವಿಸಿಯಾರು.

ಆದರೆ ಪರೀಕ್ಷೆಗಳ ಫಲವು ಬೇರೆಯಾಗಿತ್ತು. ೧೯೭೨ರಲ್ಲಿ ಹೈದರಾಬಾದಿನಿಂದ ರೆಡ್ಡಿ ಮತ್ತು ಪರ್ಷಾದ್ ಅವರು ಭಾರತೀಯರಲ್ಲಿ ಲ್ಯಾಕ್ಟೇಸಿನ ಸ್ಥಿತಿಯನ್ನು ಕುರಿತು ಬರೆದರು. ೧೯೮೧ರಲ್ಲಿ ಟಂಡನ್ ಮತ್ತು ಸಂಗಡಿಗರು ಪ್ರಕಟಿಸಿದ ವರದಿಯಲ್ಲಿ ಉತ್ತರ ದಕ್ಷಿಣಗಳ ಹೋಲಿಕೆಯಿದೆ. ದೆಹಲಿಯಲ್ಲಿ ಪರೀಕ್ಷಿತರಾದವರ ಪೈಕಿ ಶೇಕಡಾ ೨೭.೪ ಮಂದಿಗೆ ಕ್ಷೀರಶರ್ಕರೆಯು ಒಗ್ಗಲಿಲ್ಲ. ತಿರುವನಂತಪುರ ಮತ್ತು ಪುದುಚೇರಿಗಳಲ್ಲಿ ಶೇಕಡಾ ೬೬.೬ ಮಂದಿಗೆ ಒಗ್ಗಲಿಲ್ಲ. ೨೦೧೨ರಲ್ಲಿ ಗಯೆಗೊ ರೊಮೆರೊ ಮತ್ತು ಸಂಗಡಿಗರು ಭಾರತದ ಎರಡು ಸಾವಿರಕ್ಕೂ ಹೆಚ್ಚು ಮಂದಿಯ ವಂಶವಾಹಿಗಳನ್ನು ನೋಡಿ, ಫಿನ್ಲೆಂಡಿನಲ್ಲಿ ಕಂಡ ಅದೇ ಅಕ್ಷರವು ಇಲ್ಲಿಯೂ ಇರುವುದೆಂದೂ, ಅದರ ಮೂಲವು ಯೂರೋಪಿನ ಮೂಲದೊಡನೆ ಒಂದೇ ಎಂದೂ, ವಾಯವ್ಯದಿಂದ ಆಗ್ನೇಯಕ್ಕೆ ಬಂದಂತೆಲ್ಲ ಅದು ವಿರಳವಾಗುವುದೆಂದೂ ತೋರಿಸಿದರು. ದಕ್ಷಿಣದೇಶದ ಒಬ್ಬ ಪ್ರಾಯಸ್ಥನಿಗೆ ಹಾಲು ಒಗ್ಗದಿದ್ದರೆ ಅವನು ಅಪವಾದನಲ್ಲ. ಬಹುಸಂಖ್ಯಾತರ ಪಂಕ್ತಿಯಲ್ಲಿಯೇ ಕುಳಿತಿರುವವನು.

ಹೀಗಿರಲು, ದಕ್ಷಿಣದ ಜನರು ಸಾವಿರಾರು ವರ್ಷ ಹಸುಎಮ್ಮೆಗಳನ್ನು ಸಾಕಿ ಅವುಗಳ ಫಲವನ್ನು ಉಂಡು ಬಾಳಿದುದು ಹೇಗೆಂಬ ಪ್ರಶ್ನೆಗೆ ಅಡಿಗೆಮನೆಯ ಹೆಪ್ಪಿನ ಬಟ್ಟಲೇ ಉತ್ತರ ಹೇಳುವುದು. ಹೆಪ್ಪು ಹಾಕಿದ ಹಾಲಿನಲ್ಲಿ ಸೂಕ್ಷ್ಮಜೀವಿಗಳು ಕ್ಷೀರಶರ್ಕರೆಯ ಒಂದು ಭಾಗವನ್ನು ಹುಳಿಯನ್ನಾಗಿ ಮಾರ್ಪಡ���ಸುತ್ತವೆ. ಷೀಲೆ ಕಂಡ ಸಿಹಿಯೇ ಷೀಲೆ ಕಂಡ ಹುಳಿಯಾಗುತ್ತದೆ. ಅಷ್ಟೇ ಅಲ್ಲ, ೧೯೮೪ರಲ್ಲಿ ಅಮೆರಿಕದ ಕೋಲಾರ್ಸ್, ಲೆವಿಟ್ ಮೊದಲಾದವರು, ಲ್ಯಾಕ್ಟೇಸ್ ಇಲ್ಲದವರಿಗೆ ಹಾಲನ್ನೂ ಮೊಸರನ್ನೂ ಕೊಟ್ಟು, ಅವರ ಉಸಿರಿನಲ್ಲಿ ಬರುವ ಜಲಜನಕವನ್ನು ಅಳೆದು ನೋಡಿದರು. ಮೊಸರು ತಿಂದಾಗ ಜಲಜನಕವು ಬಹಳ ಕಡಿಮೆ. ಮೊಸರಿನ ಸೂಕ್ಷ್ಮಜೀವಿಗಳು ತಮ್ಮ ಕಿಣ್ವವನ್ನು ಹೊತ್ತುಕೊಂಡೇ ಕರುಳಿಗೆ ಇಳಿದು, ಉಳಿದ ಸಕ್ಕರೆಯನ್ನೂ ಅಲ್ಲಿಯೇ ಒಡೆಯುತ್ತವೆಂದು ಅವರು ನಿರ್ಣಯಿಸಿದರು. ಮೊಸರನ್ನು ಕಡೆದು, ಬೆಣ್ಣೆ ತೆಗೆದು, ನೀರು ಬೆರೆಸಿದ ಮಜ್ಜಿಗೆಯಲ್ಲಿ ಸಕ್ಕರೆಯು ಇನ್ನೂ ತೆಳುವಾಗುವುದು. ಬೆಣ್ಣೆಯನ್ನು ಕಾಸಿದ ತುಪ್ಪದಲ್ಲಿಯಂತೂ ಅದು ಇಲ್ಲವೇ ಇಲ್ಲವೆನ್ನಬಹುದು. ಅದಕ್ಕೆ ಪ್ರತಿಯಾಗಿ, ಹಾಲನ್ನು ಬತ್ತಿಸಿದ ಖೋವದಲ್ಲಿ ನೀರು ಆರಿ ಸಕ್ಕರೆಯು ದಟ್ಟವಾಗಿ ಉಳಿಯುವುದರಿಂದ, ಧಾರವಾಡದ ಪೇಡೆಯನ್ನು ಕೈತುಂಬ ತಿಂದವನು ಒಂದು ಬಟ್ಟಲು ಮೊಸರನ್ನವನ್ನುಂಡವನಿಗಿಂತ ಹೆಚ್ಚು ಬಾಧೆಪಟ್ಟರೆ ಆಶ್ಚರ್ಯವಿಲ್ಲ. ಊಟದ ಕೊನೆಗೆ ಮಜ್ಜಿಗೆಯನ್ನು ನಿಯಮಿಸಿದ ಗೃಹಿಣಿಯರು ಯಾವ ಶಾಸ್ತ್ರವನ್ನು ಓದಿ ಹಾಗೆ ಮಾಡಿದರೆಂದು ಕೇಳಬೇಕಾಗಿಲ್ಲ. ಹಾಲಿನ ರಾಶಿಯನ್ನೇ ನೆಚ್ಚಿ ಬಾಳುವ ಮಂಗೋಲಿಯದ ಕುದುರೆಗಾಹಿಗಳಲ್ಲಿಯೂ ಆ ಅಕ್ಷರವು ವಿರಳವೇ. ಅವರೂ ಹಾಲನ್ನು ಹುಳಿಸಿಯೇ ಬಳಸುವುದು ರೂಢಿ. ವಂಶವಾಹಿಯು ಮಾಡದ ಕೆಲಸವನ್ನು ಹೆಪ್ಪು ಮಾಡಿತು.

ಈ ಚರಿತ್ರೆಯಿಂದ ಗೃಹಸ್ಥರಿಗೆ ದೊರೆಯುವ ಪ್ರಯೋಜನವೂ ಅಲ್ಪವಲ್ಲ. ಪ್ರಾಯದಲ್ಲಿ ಹಾಲು ಒಗ್ಗದಾಯಿತೆಂದು ಹಾಲಿನ ಸಮಸ್ತ ಪದಾರ್ಥಗಳನ್ನೂ ತ್ಯಜಿಸಿದರೆ ಎಲುಬಿಗೆ ಬೇಕಾದ ಸುಣ್ಣದ ಅಂಶಕ್ಕೆ ಕೊರತೆಯುಂಟಾಗುವುದು. ಅದು ನಿಜವಾದ ಕೊರತೆ. ೧೯೯೫ರಲ್ಲಿ ಅಮೆರಿಕದ ಸೂಅರೆಜ್, ಸವಾಯನೋ, ಲೆವಿಟ್ ಎಂಬವರು ತಮಗೆ ಹಾಲು ಲೇಶವೂ ಒಗ್ಗದೆಂದು ದೃಢವಾಗಿ ನಂಬಿದ್ದ ೩೦ ಮಂದಿಯನ್ನು ಪರೀಕ್ಷಿಸಿದರು. ಅವರಲ್ಲಿ ೯ ಮಂದಿ ಕ್ಷೀರಶರ್ಕರೆಯನ್ನು ಚೆನ್ನಾಗಿ ಜೀರ್ಣಿಸಬಲ್ಲವರೇ ಆಗಿದ್ದರು! ಉಳಿದವರಲ್ಲಿಯೂ, ಯಾವುದು ಯಾವ ಹಾಲೆಂದು ತಿಳಿಸದೆ ದಿನಕ್ಕೆ ೨೪೦ ಮಿಲಿಲೀಟರಿನಂತೆ ಕೊಟ್ಟಾಗ, ಸಕ್ಕರೆಯಿದ್ದ ಹಾಲಿಗೂ ಸಕ್ಕರೆಯನ್ನು ಒಡೆದ ಹಾಲಿಗೂ ಗಣನೀಯವಾದ ಭೇದವು ಕಾಣಲಿಲ್ಲ. ೨೦೧೦ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು ಕರೆದ ಪಂಡಿತಮಂಡಲಿಯು, ಲ್ಯಾಕ್ಟೇಸ್ ಕಡಿಮೆಯಿರುವವರಲ್ಲಿ ಬಹುಮಂದಿ ಒಮ್ಮೆಗೆ ೧೨ ಗ್ರಾಂ ಕ್ಷೀರಶರ್ಕರೆಯನ್ನು, ಎಂದರೆ ಒಂದು ದೊಡ್ಡ ಬಟ್ಟಲು ಹಾಲಿನಲ್ಲಿರುವಷ್ಟನ್ನು, ಹೆಚ್ಚು ತೊಂದರೆಯಿಲ್ಲದೆ ತಾಳಬಲ್ಲರೆಂದು ತೀರ್ಮಾನಿಸಿತು. ೨೦೧೩ರ ಆಗಸ್ಟಿನಲ್ಲಿ ಕರ್ನಾಟಕ ಸರ್ಕಾರವು ಶಾಲೆಯ ಮಕ್ಕಳಿಗಾಗಿ ಆರಂಭಿಸಿದ ಕ್ಷೀರಭಾಗ್ಯ ಯೋಜನೆಯಲ್ಲಿ ಒಬ್ಬೊಬ್ಬರಿಗೆ ಗೊತ್ತುಮಾಡಿದುದು ೧೫೦ ಮಿಲಿಲೀಟರು. ಅದರಲ್ಲಿ ಸುಮಾರು ೭ ಗ್ರಾಂ ಸಕ್ಕರೆ ಮಾತ್ರ. ಅಳತೆಯು ಈ ಮಿತಿಯೊಳಗೇ ಇದೆ.

ಆದುದರಿಂದ ಹಾಲನ್ನು ಸ್ವಲ್ಪಸ್ವಲ್ಪವಾಗಿ, ಬರಿಹೊಟ್ಟೆಯಲ್ಲಲ್ಲದೆ ಊಟತಿಂಡಿಗಳೊಡನೆ ತೆಗೆದುಕೊಂಡು ತನ್ನ ಮಿತಿಯನ್ನು ತಾನೇ ಅರಿಯುವುದೂ, ಮಿತಿಗೆ ಮೀರಿದುದನ್ನು ಮೊಸರು ಮಜ್ಜಿಗೆಗಳಿಂದ ತುಂಬಿಕೊಳ್ಳುವುದೂ ಯುಕ್ತ. ಭೇದಿಯಿಂದ ಕರುಳು ನೊಂದಾಗ ಲ್ಯಾಕ್ಟೇಸ್ ತಾತ್ಕಾಲಿಕವಾಗಿ ಕಡಿಮೆಯಾಗುವುದುಂಟು. ಕರುಳು ಮಾಗಿದ ಮೇಲೆ ಅದು ಮರಳುವುದು. ಈ ನೆಪದಿಂದ ಎಳೆಯ ಕೂಸಿಗೆ ತಾಯಿಯ ಹಾಲನ್ನು ನಿಲ್ಲಿಸುವುದು ಮಾತ್ರ ಎಂದಿಗೂ ತಕ್ಕುದಲ್ಲ. ಮೈ ಇಳಿಯುವುದು, ಮಲದಲ್ಲಿ ರಕ್ತ, ಜ್ವರ, ರಾತ್ರಿಯಲ್ಲಿ ನಿದ್ದೆಗೆಡಿಸುವ ಭೇದಿ ಇವು ಕಾಣಿಸಿಕೊಂಡರೆ ಹಾಲಿನ ಮೇಲೆ ದೋಷವನ್ನು ಹೊರಿಸಿ ಸುಮ್ಮನಿರದೆ ವೈದ್ಯರನ್ನು ಕಾಣತಕ್ಕದ್ದು. ಏಕೆಂದರೆ ಹಾಲು ಒಗ್ಗದಿರುವುದು ಈ ಲಕ್ಷಣಗಳನ್ನು ಉಂಟುಮಾಡುವುದಿಲ್ಲ.

‘ಲ್ಯಾಕ್ಟೇಸ್ ಕೊರತೆ’ಯೆಂಬ ಹಳೆಯ ಹೆಸರನ್ನು ವಿದ್ವಾಂಸರು ಈಗ ಬಹುಮಟ್ಟಿಗೆ ಕೈಬಿಟ್ಟಿದ್ದಾರೆ. ಪ್ರಾಯದಲ್ಲಿ ಕಿಣ್ವವು ‘ಉಳಿದಿರುವಿಕೆ’, ‘ಉಳಿಯದಿರುವಿಕೆ’ ಎಂದು ಎರಡು ಸ್ಥಿತಿಗಳನ್ನು ಸಮನಾಗಿ ಹೆಸರಿಸುವುದು ಈಗಿನ ಪದ್ಧತಿ. ಇದು ಕೇವಲ ಶಬ್ದದ ಬದಲಾವಣೆಯಲ್ಲ. ಉತ್ತರ ಯೂರೋಪಿನ ಪಂಡಿತರು ತಮ್ಮ ದೇಹವನ್ನೇ ಮಾನವದೇಹದ ಅಳತೆಗೋಲೆಂದು ಎಣಿಸಿ, ಅದಕ್ಕೆ ಹೊಂದದವರನ್ನು ರೋಗಿಗಳೆಂದು ಕರೆದರು; ತಮ್ಮ ಊರಿನಾಚೆ ಕಣ್ಣು ಹಾಯಿಸಿದೊಡನೆ ಆ ತಪ್ಪನ್ನು ತಿದ್ದಿಕೊಂಡರು. ತಪ್ಪಿಗೆ ಕಾರಣವಾದ ಸ್ವಭಾವವು ಯೂರೋಪಿನವರದು ಮಾತ್ರವಲ್ಲ. ತನಗೆ ಒಗ್ಗಿದುದು ಎಲ್ಲರಿಗೂ ಒಗ್ಗಲೇಬೇಕೆಂದು ತಿಳಿದು, ಬೇಡವೆಂದವರ ಕೈಗೆ ಪ್ರೀತಿಯಿಂದಲೇ ಹಾಲಿನ ಲೋಟವನ್ನು ಒತ್ತಾಯಿಸಿ ಕೊಡುವ ಹಿರಿಯರು ಪ್ರತಿಯೊಂದು ಮನೆಯಲ್ಲಿಯೂ ಉಂಟು. ಊಟ ಬಲ್ಲವನಿಗೆ ರೋಗವಿಲ್ಲವೆಂಬ ಗಾದೆಯಲ್ಲಿ, ತನ್ನ ಊಟವನ್ನು ಬಲ್ಲವನು ಎಂಬ ಅರ್ಥವೂ ಸೇರಿದೆಯೆಂದು ತಿಳಿದರೆ, ಹಾಲು ಬೇಡವೆಂದು ಮಜ್ಜಿಗೆಯನ್ನು ಕೇಳುವವನನ್ನು ಕಂಡು ಯಾರೂ ನಗಬೇಕಾಗಿಲ್ಲ, ಮರುಗಬೇಕಾಗಿಯೂ ಇಲ್ಲ.